ಕುರ್ಚಿ ಹಾಕಿಸಿದ ಮದುವೆ

ನಮ್ಮ ಮನೆಯ ಹುಣಸೆಹಣ್ಣು ಸಾರಿಗೆ ಬೀಳುತ್ತಿದ್ದದ್ದು ಕಡಿಮೆ, ಕಾರ್ನೆಟ್ಟಿಗೆ ಹೋಗುತ್ತಿದ್ದದ್ದೇ ಹೆಚ್ಚು. ಗಾಜಿಪುರ ಓಣಿಯ ಆ ಮನೆಗೆ ಮುಂದೊಂದು ಕಟ್ಟೆ, ಒಳಗೆ ಉದ್ದನೆಯ ಪಡಸಾಲೆ, ಹಿಂದೆ ಫರಸಿಕಲ್ಲು ಹಾಸಿದ ಅಂಗಳ, ಅಂಗಳದ ಒಂದು ಮೂಲೆಗೆ ಅಡುಗೆಮನೆ. ಬೇರೆಯವರ ಪಡಸಾಲೆಯ ಗೂಟಕ್ಕೆ ಅಂಗಿ, ರುಮಾಲು, ಚೀಲ ತೂಗುತ್ತಿದ್ದರೆ ನಮ್ಮ ಗೂಟಗಳಿಗೆ ಹಿತ್ತಾಳೆಯ ವಾದ್ಯಗಳು ತೂಗುತ್ತಿದ್ದವು. ನನ್ನಪ್ಪ ಬ್ಯಾಂಡ್ ಮಾಸ್ತರ. ಕಾರ್ನೆಟ್ ಎಂದರೆ ಮೂರು ಗುಂಡಿ ಇರುವ, ಮುಂಗೈ ಉದ್ದದ ತುತ್ತೂರಿ. ಅದು ಅಪ್ಪನದು, ದೇವರ ಮಾಡದ ಪಕ್ಕದ ಗೂಟ ಅದಕ್ಕೇ ಮೀಸಲು. ಅಮಾವಾಸ್ಯೆ ಬಂತೆಂದರೆ ಎಲ್ಲವನ್ನೂ ಅಂಗಳಕ್ಕಿಳಿಸಿ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವುದು ಅವ್ವನ ಕೆಲಸ, ನೀರು ಹಾಕುವುದು ನನ್ನದು. ಹಿತ್ತಾಳೆ ಹೊಳೆಯುತ್ತಿತ್ತು, ನಮ್ಮ ಬೆರಳು ಸೀಳು ಬಿಡುತ್ತಿದ್ದವು. ಅಂದು ಅವ್ವನ ಬಾಯಿಗೆ ಸಿಕ್ಕವರಿಗೆ ಉಳಿಗಾಲವಿರಲಿಲ್ಲ.

"ಇವತ್ತ ಸಾರು ನಿಮ್ಮ ಕಾರ್ನೆಟ್ಟಿಗೇ ಬಡಸ್ತೀನಿ. ನೀವು ಬರೇ ಅನ್ನ ಉಣ್ರಿ."

"ಅದಕ್ಕೂ ಹೊಟ್ಟಿ ಅದನಲ್ಲೇ," ಎಂದು ಅಪ್ಪ ನಗುತ್ತಿದ್ದ. ಅವ್ವ ನಗುತ್ತಿರಲಿಲ್ಲ.

ಬ್ಯಾಂಡಿನಲ್ಲಿ ಇಪ್ಪತ್ತು ಮಂದಿ ಇದ್ದರು. ಎಲ್ಲರಿಗೂ ಹಗಲು ಬೇರೆ ಬೇರೆ ಕಸುಬು. ಕ್ಲಾರಿನೆಟ್ ಊದುವ ಖಾಜಾಮಿಯಾ ಚಾಚಾರಿಗೆ ನಮ್ಮ ಓಣಿಯಲ್ಲೇ ಬಳೆ ಅಂಗಡಿ. ದೊಡ್ಡ ಡೋಲು ಬಾರಿಸುವ ಎಲ್ಲಪ್ಪ ಸ್ಟೇಶನ್ ಬಜಾರದಲ್ಲಿ ಹಮಾಲಿ. ಯಾವ ಊರಿನ ಮದುವೆಗೆ ಹೊರಟರೂ ಮೊದಲು ನಮ್ಮ ಪಡಸಾಲೆಯಲ್ಲಿ ಸಾಲಾಗಿ ಕೂತು ಉಂಡೇ ಹೊರಡಬೇಕು. ಇದು ಅವ್ವ ಮಾಡಿದ ಕಾಯಿದೆ. ಮದುವೆಮನೆಗಳಲ್ಲಿ ಬ್ಯಾಂಡಿನವರು ಉಣ್ಣುವುದು ಎಲ್ಲರ ಊಟ ಮುಗಿದ ಮೇಲೆ, ಪಾತ್ರೆಯ ತಳ ಕಾಣುವಾಗ, ಅದೂ ಕರೆದವರಿಗೆ ನೆನಪಾದರೆ. ಹೀಗಾಗಿ ಲಗ್ನದ ದಿನಗಳಲ್ಲಿ ಅವ್ವ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ಜೋಳದ ರೊಟ್ಟಿಯ ಗುಂಪಿ ನನ್ನ ಮೊಣಕಾಲಿನ ಎತ್ತರಕ್ಕೆ ಬರುತ್ತಿತ್ತು. ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೊಂದು ಉಳ್ಳಾಗಡ್ಡಿ. ಬಡಿಸುವವಳು ನಾನು. ಯಾರು ಎಷ್ಟು ಖಾರ ತಿನ್ನುತ್ತಾರೆ, ಯಾರಿಗೆ ಹಲ್ಲು ನೋವು ಎನ್ನುವುದೆಲ್ಲ ನನಗೆ ಬಾಯಿಪಾಠವಾಗಿತ್ತು. ಮುಂದೆ ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆದೆ. ನೂರಾರು ಹುಡುಗಿಯರನ್ನು ಸಾಲು ನಿಲ್ಲಿಸಿ ಅವರಲ್ಲಿ ಯಾರು ಉಪವಾಸ ಬಂದಿದ್ದಾರೆ ಎಂದು ಮುಖ ನೋಡಿ ಹೇಳುತ್ತಿದ್ದೆ. ಆ ವಿದ್ಯೆ ನಾನು ಯಾವ ಟ್ರೇನಿಂಗಿನಲ್ಲೂ ಕಲಿತದ್ದಲ್ಲ.

ಅವ್ವನ ಸಿಟ್ಟು ಹುಣಸೆಹಣ್ಣಿನದಲ್ಲ ಎಂದು ತಿಳಿಯಲು ನನಗೆ ವರ್ಷಗಳು ಬೇಕಾದವು. ಅವಳ ತವರು ಕಮಲಾಪುರ. ಅಜ್ಜನಿಗೆ ಅಲ್ಲಿ ಬಾಳೆಯ ತೋಟ, ತೊಗರಿ ವ್ಯಾಪಾರ, ಊರಲ್ಲಿ ಮಾತಿಗೆ ತೂಕ. ಅವನು ಮಗಳನ್ನು ಕೊಡುವಾಗ ಅಪ್ಪನಿಗೆ ಇದ್ದದ್ದು ಎಣ್ಣೆಯ ಅಂಗಡಿ. ಅಪ್ಪ ಸಣ್ಣವನಿದ್ದಾಗ ಓಣಿಯಲ್ಲಿದ್ದ ಪೊಲೀಸ್ ಬ್ಯಾಂಡಿನ ಪಿಂಚಣಿದಾರರೊಬ್ಬರ ಹತ್ತಿರ ಊದುವುದು ಕಲಿತಿದ್ದ. ಅದು ಗೀಳು ಎಂದು ಎಲ್ಲರೂ ಬಿಟ್ಟಿದ್ದರು. ಮದುವೆಯಾದ ಮೇಲೆ ಗೀಳೇ ಕಸುಬಾಯಿತು, ಅಂಗಡಿಗೆ ಬೀಗ ಬಿತ್ತು. ಅಜ್ಜನಿಗೆ ಅದು ನುಂಗಲಾರದ ತುತ್ತು.

"ಎಣ್ಣಿ ಮಾರವಗ ಮಗಳ್ನ ಕೊಟ್ಟಿದ್ದೆ ನಾ. ಬೀದ್ಯಾಗ ನಿಂತು ಊದವಗಲ್ಲ," ಎಂದು ಅವನು ಯಾರದೋ ಮುಂದೆ ಅಂದದ್ದು ತಿರುಗಿ ನಮ್ಮ ಮನೆಗೆ ಬಂದಿತ್ತು. ಅಜ್ಜನಿಗೆ ಊದುವುದಕ್ಕಿಂತ ನಿಲ್ಲುವುದು ಹೆಚ್ಚು ಚುಚ್ಚಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಮದುವೆಮನೆಯಲ್ಲಿ ಅಳಿಯ ಎಂದರೆ ಕೂರಬೇಕಾದವನು. ಬ್ಯಾಂಡಿನವನಿಗೆ ಎಲ್ಲಿಯೂ ಕುರ್ಚಿ ಇರಲಿಲ್ಲ.

ಅಪ್ಪನಿಗೂ ಕುರ್ಚಿಯ ಹುಚ್ಚು ಹಿಡಿಯಿತು, ಆದರೆ ಬೇರೆ ದಾರಿಯಿಂದ. ಸ್ಟೇಶನ್ ಬಜಾರದ ಹಳೆಯ ಸಾಮಾನಿನ ಅಂಗಡಿಯಲ್ಲಿ ಅವನಿಗೆ ಒಂದು ಗ್ರಾಮಫೋನ್ ತಟ್ಟೆ ಸಿಕ್ಕಿತು. ಅದರ ರಟ್ಟಿನ ಹೊದಿಕೆಯ ಮೇಲೆ ಒಂದು ಪರದೇಶಿ ಬ್ಯಾಂಡಿನ ಫೋಟೋ. ಎಲ್ಲರೂ ಒಂದೇ ಬಣ್ಣದ ಕೋಟು ತೊಟ್ಟು ಮೂರು ಸಾಲಾಗಿ ಕುರ್ಚಿಯ ಮೇಲೆ ಕೂತಿದ್ದಾರೆ. ಮುಂದಿನ ಸಾಲಿನ ನಡುವೆ ಸ್ಯಾಕ್ಸೋಫೋನ್ ಹಿಡಿದು ಕೂತವನೇ ಮುಖ್ಯಸ್ಥನಂತೆ ಕಾಣುತ್ತಾನೆ. ಓಣಿಯ ಕಾಲೇಜು ಹುಡುಗನೊಬ್ಬ ಓದಿ, ಇವರು ಕೆನಡಾ ದೇಶದವರು ಎಂದ. ಮುಖ್ಯಸ್ಥನ ಹೆಸರು ಇರಬೇಕಾದ ಜಾಗವನ್ನು ಗೆದ್ದಲು ತಿಂದುಹಾಕಿತ್ತು. ತಟ್ಟೆ ಹಾಕುವ ಪೆಟ್ಟಿಗೆ ನಮ್ಮಲ್ಲಿರಲಿಲ್ಲ. ಸ್ಟೇಶನ್ ಎದುರಿನ ಒಂದು ಹೋಟೆಲಿನಲ್ಲಿ ಇತ್ತು. ಅಪ್ಪ ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಹೊತ್ತು ನೋಡಿ ಹೋಗಿ, ಚಹಾದ ಮೇಲೆ ಚಹಾ ಕುಡಿದು ಅದನ್ನು ಕೇಳಿಕೊಂಡು ಬರುತ್ತಿದ್ದ. ನನ್ನನ್ನೂ ಒಮ್ಮೆ ಕರೆದುಕೊಂಡು ಹೋಗಿದ್ದ. ಒಂದು ಸಾಲು ಏನೋ ಕೇಳುತ್ತದೆ, ಇನ್ನೊಂದು ಸಾಲು ಉತ್ತರ ಕೊಡುತ್ತದೆ, ಮೂರನೆಯದು ನಡುವೆ ಬಾಯಿ ಹಾಕುತ್ತದೆ. ನಮ್ಮ ಓಣಿಯ ಹೆಂಗಸರು ನಲ್ಲಿಯ ಹತ್ತಿರ ಮಾತಾಡಿದ ಹಾಗೇ ಇತ್ತು. ಅಲ್ಲಿಯವರೆಗೆ ನಮ್ಮ ಕಡೆಯ ಬ್ಯಾಂಡುಗಳಲ್ಲಿ ಎಲ್ಲರೂ ಕೂಡಿ ಒಂದೇ ಹಾಡನ್ನು ಒಂದೇ ಸಮ ಅರಚುವುದೇ ಪದ್ಧತಿ.

ಅಪ್ಪ ತನ್ನ ಇಪ್ಪತ್ತು ಮಂದಿಯನ್ನೂ ಮೂರು ಸಾಲು ಮಾಡಿದ. ಮೆರವಣಿಗೆ ಚೌಕಕ್ಕೆ ಬಂದಾಗ ನಿಂತು, ಸಾಲುಗಳು ಎದುರುಬದುರಾಗಿ ತಿರುಗಿ ಒಂದನ್ನೊಂದು ಕೇಳಬೇಕು, ಉತ್ತರ ಕೊಡಬೇಕು. ಜನಕ್ಕೆ ಅದು ಬಹಳ ಹಿಡಿಸಿತು. ಬೇರೆ ಬ್ಯಾಂಡಿನವರೂ ಕದ್ದರು. ಈಗ ಐವಾನ್-ಎ-ಶಾಹಿ ಬಡಾವಣೆಯ ನನ್ನ ಮನೆಯಿಂದ ತರಕಾರಿಗೆ ಹೊರಟಾಗ ಎಲ್ಲಾದರೂ ಮದುವೆ ಮೆರವಣಿಗೆ ಅಡ್ಡ ಬಂದರೆ, ಚೌಕದಲ್ಲಿ ಸಾಲುಗಳು ತಿರುಗಿ ನಿಲ್ಲುವುದನ್ನು ನೋಡುತ್ತೇನೆ. ಊದುವ ಹುಡುಗರಿಗೆ ಇದು ಯಾರು ಹಾಕಿಕೊಟ್ಟ ಪದ್ಧತಿ ಎಂದು ಗೊತ್ತಿಲ್ಲ. ನಾನೂ ಹೇಳಲು ಹೋಗುವುದಿಲ್ಲ. ಕೈಚೀಲ ಹಿಡಿದುಕೊಂಡು ಪೂರ್ತಿ ಕೇಳಿ ಮುಂದೆ ಹೋಗುತ್ತೇನೆ.

ಇಷ್ಟಾದರೂ ಅಪ್ಪನಿಗೆ ಸಮಾಧಾನವಿರಲಿಲ್ಲ. ತಟ್ಟೆಯಲ್ಲಿ ಕೇಳಿಸುವ ಹೊಂದಿಕೆ ತನ್ನವರಲ್ಲಿ ಬರುತ್ತಿಲ್ಲ ಎಂದು ಕೊರಗುತ್ತಿದ್ದ. ಫೋಟೋವನ್ನು ನೋಡಿ ನೋಡಿ ಕೊನೆಗೆ ಅವನಿಗೊಂದು ತೀರ್ಮಾನ ಹೊಳೆಯಿತು: ಅವರು ಕೂತಿದ್ದಾರೆ, ನಾವು ನಿಂತಿದ್ದೇವೆ. ಗುಟ್ಟು ಇರುವುದು ಕುರ್ಚಿಯಲ್ಲಿ. ಒಮ್ಮೆ ಕುರ್ಚಿಯ ಮೇಲೆ ಕೂತು ಬಾರಿಸಿದರೆ ತನ್ನ ಬ್ಯಾಂಡೂ ಹಾಗೇ ಕೇಳಿಸುತ್ತದೆ ಎಂದು ಅಪ್ಪ ನಂಬಿಬಿಟ್ಟ. ಅದರಲ್ಲಿ ಅಜ್ಜನ ಮಾತಿನ ಮುಳ್ಳು ಎಷ್ಟು ಸೇರಿಕೊಂಡಿತ್ತೋ ನಾನು ಹೇಳಲಾರೆ. ಕಮಲಾಪುರದಲ್ಲಿ ಅವ್ವನ ತಮ್ಮನ ಮದುವೆಯಾದಾಗ ಅಜ್ಜ ಬೇರೆ ಊರಿನ ಬ್ಯಾಂಡು ತರಿಸಿದ್ದ. ಹಿರಿಯ ಅಳಿಯನಾದ ಅಪ್ಪನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ, ಕೈಯಲ್ಲಿ ತೆಂಗಿನಕಾಯಿ. ಎದುರಿಗೆ ಆ ಬ್ಯಾಂಡು ಹಾಡನ್ನು ಚಿಂದಿ ಮಾಡುತ್ತಿತ್ತು. ಅಪ್ಪನ ಮೂರು ಬೆರಳು ತೆಂಗಿನಕಾಯಿಯ ಮೇಲೆ ಕಾರ್ನೆಟ್ಟಿನ ಗುಂಡಿ ಒತ್ತುತ್ತಲೇ ಇದ್ದವು. ಅವ್ವ ಅದನ್ನು ನೋಡಿದಳು.

ನನ್ನ ಚಿಕ್ಕಮ್ಮ ಗಿರಿಜಾಳ ಮದುವೆ ಗೊತ್ತಾದಾಗ ಅಜ್ಜ ಕರೆಯಲು ತಾನೇ ಬಂದ. ಚೀಲದ ತುಂಬ ಕೆಂಪು ಬಾಳೆಹಣ್ಣು ತಂದಿದ್ದ. ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿದೆವು. ಅವ್ವ ಮಂಡಕ್ಕಿಯ ಸುಸಲಾ ಕೊಟ್ಟು ಬಾಗಿಲ ಹತ್ತಿರ ನಿಂತಳು.

"ಬ್ಯಾಂಡ್ ಯಾರದಪ್ಪಾ?" ಎಂದು ಕೇಳಿದಳು.

"ನೋಡೂಣು. ಹುಮನಾಬಾದ ಕಡಿಯವರು ಒಬ್ಬರು ಅದಾರ."

"ಇವರ ಬ್ಯಾಂಡ್ ಬಂದ್ರ ನಾ ಬರ್ತೀನಿ. ಇಲ್ಲಂದ್ರ ಇಲ್ಲ."

ಅಜ್ಜ ಸುಸಲಾ ತಟ್ಟೆ ಕೆಳಗಿಟ್ಟ. "ಹುಚ್ಚಿ ಇದ್ದೀಯೇನು? ಮನಿ ಹಿರೇ ಅಳಿಯ ಬೀಗರ ಮುಂದ ನಿಂತು ಊದಿದ್ರ ನನ್ನ ಮಾರಿ ಎಲ್ಲಿಡ್ಲಿ? ಅಳಿಯಂದ್ರ, ನೀವೇ ಹೇಳ್ರಿ. ನೀವು ಬರ್ರಿ, ಮುಂದ ಕೂಡ್ರಿ, ಅಷ್ಟಾ."

"ಕೂಡ್ತೀನ್ರಿ ಮಾವ," ಎಂದ ಅಪ್ಪ. "ಕೂತೇ ಬಾರಸ್ತೀನಿ. ನಮ್ಮ ಮಂದೀಗೆಲ್ಲ ಕುರ್ಚಿ ಹಾಕಸ್ರಿ."

"ಎಲ್ಲಾರಿಗೂ?"

"ಎಲ್ಲಾರಿಗೂ. ಡೋಲಿನ ಎಲ್ಲಪ್ಪಗೂ."

ಅಜ್ಜ ಮಗಳ ಮುಖ ನೋಡಿದ. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಹಾಕಸಪ್ಪಾ. ಬೀಗರು ಕೇಳಿದ್ರ, ನಮ್ಮ ಅಳಿಯಂದು ಕೂತು ಬಾರಸೂ ಬ್ಯಾಂಡ್ ಅಂತ ಹೇಳು," ಎಂದಳು. ಅಂದು ಅವ್ವ ಅಪ್ಪನ ಪರವಾಗಿ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ. ಅಜ್ಜ ಹೂಂ ಅಂದು, ಮತ್ತೊಂದು ಮುಷ್ಟಿ ಸುಸಲಾ ಬಾಯಿಗೆ ಹಾಕಿಕೊಂಡ.

ಸುದ್ದಿ ಕೇಳಿ ಖಾಜಾಮಿಯಾ ಚಾಚಾ, "ಕುರ್ಸಿ ಪೊ ಬೈಠ್‌ಕೊ ಬಜಾನಾ? ನಾವೇನು ನವಾಬರೇನ್ರೀ ಮಾಸ್ತರ?" ಎಂದು ನಕ್ಕರು. ಆದರೆ ಮರುದಿನವೇ ಕೋಟಿಗೆ ಇಸ್ತ್ರಿ ಮಾಡಿಸಲು ಕೊಟ್ಟರು. ಎಲ್ಲಪ್ಪ ಹೊಸ ಚಪ್ಪಲಿ ತಂದ. ಕೂತಾಗ ಕಾಲು ಎಲ್ಲರಿಗೂ ಕಾಣುತ್ತವಲ್ಲ. ತಿಂಗಳಿಡೀ ನಮ್ಮ ಅಂಗಳದಲ್ಲಿ ಸಂಜೆ ತಾಲೀಮು ನಡೆಯಿತು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಒಲೆಗೆ ಕಟ್ಟಿಗೆ ನೂಕುತ್ತಿದ್ದೆ. ಮೂರು ಸಾಲೂ ಅಂಗಳದ ಈ ತುದಿಯಿಂದ ಆ ತುದಿಗೆ ನಡೆದಾಡುತ್ತ, ತಿರುಗುತ್ತ ಬಾರಿಸುತ್ತಿದ್ದವು. ತಾಲೀಮು ಬಹಳ ಚೆನ್ನಾಗಿ ಆಗುತ್ತಿತ್ತು. ಓಣಿಯವರು ಬಂದು ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಇದ್ದದ್ದು ಎರಡೇ ಕುರ್ಚಿ, ಅದರಲ್ಲೊಂದರ ಕಾಲು ಕುಂಟು. ಕೂತು ಬಾರಿಸಲು ಹೊರಟವರು ಒಂದು ದಿನವಾದರೂ ಕೂತು ನೋಡೋಣ ಎಂದು ಯಾರಿಗೂ ಹೊಳೆಯಲಿಲ್ಲ. ಕೂರುವುದನ್ನೂ ಕಲಿಯಬೇಕು ಎಂದು ಯಾರಿಗೆ ತಾನೇ ಅನ್ನಿಸುತ್ತದೆ?

ಕಮಲಾಪುರದ ಹಂದರ ಅಜ್ಜನ ಮನೆಯ ಮುಂದಿನ ಬಯಲು ತುಂಬ ಹಬ್ಬಿತ್ತು. ಒಂದು ಕಡೆ ಮಂಟಪ, ಅದರ ಎದುರು ಹಲಗೆ ಜೋಡಿಸಿದ ಅಟ್ಟ, ಅಟ್ಟದ ಮೇಲೆ ಮೂರು ಸಾಲು ಕುರ್ಚಿ. ಅಜ್ಜ ಮಾತಿಗೆ ತಪ್ಪಿರಲಿಲ್ಲ. ಅಪ್ಪನ ಕುರ್ಚಿಗೆ ಮಾತ್ರ ಮೆತ್ತೆ ಹಾಕಿಸಿದ್ದ. ಅಪ್ಪ ಯಾರೂ ನೋಡದಂತೆ ಅದನ್ನು ತೆಗೆದು ಕೆಳಗಿಟ್ಟ. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿದ್ದು, ಬೀಗರು ನೆಮ್ಮದಿಯಾಗಿ ಕೂತು ಪಾನಕ ಕುಡಿಯುವ ಹೊತ್ತಿಗೆ ಬ್ಯಾಂಡು ಅಟ್ಟ ಹತ್ತಿತು. ನೀಲಿ ಕೋಟಿನಲ್ಲಿ ಎಲ್ಲರೂ ಕೂತದ್ದನ್ನು ನೋಡಿದಾಗ ನನಗೆ ಆ ಗೆದ್ದಲು ತಿಂದ ಫೋಟೋವೇ ಎದ್ದು ಬಂದ ಹಾಗಾಯಿತು. ಹೆಂಗಸರ ಕಡೆ ನನ್ನ ಪಕ್ಕದಲ್ಲಿ ಕೂತಿದ್ದ ಅವ್ವ ತನ್ನ ಅಕ್ಕಪಕ್ಕದವರನ್ನು ನೋಡಿದಳು. ನೀವೂ ನೋಡಿ ಎನ್ನುವ ನೋಟ ಅದು.

ಮೊದಲ ಸಾಲು ಕೇಳಿತು. ಎರಡನೆಯದು ಉತ್ತರ ಕೊಡಬೇಕಾದಲ್ಲಿ ತಡವರಿಸಿತು. ಮೂರನೆಯದು ಎರಡನೆಯದಕ್ಕಿಂತ ಮುಂಚೆಯೇ ಬಂದುಬಿಟ್ಟಿತು. ಯಾರೂ ತಪ್ಪು ಸ್ವರ ಊದುತ್ತಿರಲಿಲ್ಲ, ಆದರೂ ಹಾಡು ಎಳೆದಾಡುತ್ತಿತ್ತು. ಎಲ್ಲಪ್ಪ ಡೋಲನ್ನು ತೊಡೆಯ ಮೇಲೆ ಹೇಗೆ ಇಟ್ಟುಕೊಳ್ಳಬೇಕೆಂದು ತಿಳಿಯದೆ ಅಪ್ಪಿಕೊಂಡಿದ್ದ. ಪೆಟ್ಟು ಒಮ್ಮೆ ಬೇಗ, ಒಮ್ಮೆ ತಡ. ಖಾಜಾಮಿಯಾ ಚಾಚಾರ ಕಾಲುಗಳು ಕುರ್ಚಿಯ ಕೆಳಗೆ ಚಡಪಡಿಸುತ್ತಿದ್ದವು. ಅಪ್ಪನ ಕತ್ತಿನ ನರ ಉಬ್ಬಿತ್ತು. ಅವನು ಜೋರಾಗಿ ಊದಿ ಎಲ್ಲರನ್ನೂ ಎಳೆದು ತರಲು ನೋಡಿದ, ಎಳೆದಷ್ಟೂ ಹರಿಯಿತು. ಬೀಗರಲ್ಲಿ ಒಬ್ಬ, "ಕೂತು ನಿದ್ದಿ ಹತ್ಯಾದೇನು ಇವರಿಗಿ?" ಎಂದ. ಸುತ್ತಲಿದ್ದವರು ನಕ್ಕರು. ಅಜ್ಜ ನೆಲ ನೋಡುತ್ತಿದ್ದ. ನನಗೆ ಅಳು ಬಂತು. ಹಾಡು ಮುಗಿಯಲಿಲ್ಲ, ನಿಂತುಹೋಯಿತು.

ಅಪ್ಪ ಕಾರ್ನೆಟ್ಟನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೂತ. ಎದ್ದರೆ ಅಜ್ಜನ ಎದುರು, ಬೀಗರೆಲ್ಲರ ಎದುರು, ಅಳಿಯ ನಿಂತು ಊದಿದ ಹಾಗಾಗುತ್ತದೆ. ಕೂತಿದ್ದರೆ ಬ್ಯಾಂಡು ಸತ್ತ ಹಾಗಾಗುತ್ತದೆ. ಇಪ್ಪತ್ತು ಮಂದಿಯೂ ಅವನನ್ನೇ ನೋಡುತ್ತಿದ್ದರು. ಆಗ ನನ್ನ ಪಕ್ಕದ ಜಾಗ ಖಾಲಿಯಾದದ್ದು ಗೊತ್ತಾಯಿತು. ಅವ್ವ ಗಂಡಸರ ಸಾಲು ದಾಟಿ, ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅಟ್ಟದ ಹತ್ತಿರ ಹೋಗಿ ನಿಂತಳು. ನಮ್ಮ ಕಡೆ ಮದುವೆಯ ಹಂದರದಲ್ಲಿ ಹೆಂಗಸರು ಹಾಗೆ ಗಂಡಸರ ನಡುವೆ ಹಾದು ಹೋಗುವುದಿಲ್ಲ. ನಾನೂ ಅವಳ ಹಿಂದೆ ಓಡಿದ್ದೆ, ಅದಕ್ಕೇ ಮಾತು ಕೇಳಿಸಿತು.

"ಏನ್ರೀ, ಕಾಲು ಎಲ್ಲಿ ಹೋದ್ವು ನಿಮ್ಮವು?"

ಅಪ್ಪ ತಲೆಯೆತ್ತಿದ.

"ಮನ್ಯಾಗ ಬಾರಿಸೋಮುಂದ ಫರಸಿ ಮ್ಯಾಲ ಕಾಲಿನ ಸಪ್ಪಳ ಇರ್ತದ. ಅದನ್ನ ಕೇಳ್ಕೋತನಾ ನಾ ರೊಟ್ಟಿ ಬಡೀತೀನಿ. ಇಲ್ಲಿ ಅದಾ ಇಲ್ಲ. ಎದ್ದು ಬಾರಸ್ರಿ."

"ನಿಮ್ಮಪ್ಪ ಕೂತಾರ ಎದುರಿಗಿ," ಎಂದ ಅಪ್ಪ, ಬಾಯಿ ಹೆಚ್ಚು ಅಲುಗಿಸದೆ. "ಇಷ್ಟು ದಿನ ಕುರ್ಚಿ ಕುರ್ಚಿ ಅಂದು..."

"ಕುರ್ಚಿ ನನಗ ಬೇಕಾಗಿತ್ತು. ನಿಮ್ಮ ಬ್ಯಾಂಡಿಗಿ ಬೇಕಿಲ್ಲ. ಏಳ್ರೀ, ಮಂದಿ ನಗಲಾಕತ್ಯಾರ."

ಅಪ್ಪ ಎದ್ದ. ಎದ್ದು ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ಅವನು ಯಾರಿಗೂ ಏಳಿ ಎಂದು ಹೇಳಲಿಲ್ಲ. ಎಲ್ಲಪ್ಪ ಡೋಲಿನ ಪಟ್ಟಿಯನ್ನು ಆಗಲೇ ಕೊರಳಿಗೆ ಹಾಕಿಕೊಂಡಿದ್ದ. ಎಲ್ಲರೂ ಸೇರಿ ಕುರ್ಚಿಗಳನ್ನು ಕೆಳಗೆ ಇಳಿಸಿದರು. ಸಾಲುಗಳು ಎದುರುಬದುರಾದವು. ಮೊದಲು ಕಾಲು ಬಿದ್ದವು, ನಿಂತಲ್ಲೇ, ಹಲಗೆಯ ಮೇಲೆ. ಆಮೇಲೆ ಕಾರ್ನೆಟ್ಟು. ಅದೇ ಹಾಡು, ಅದೇ ಮಂದಿ. ಈ ಸಲ ಎರಡನೆಯ ಸಾಲು ಕೇಳಿದ ಕೂಡಲೇ ಉತ್ತರ ಕೊಟ್ಟಿತು, ಮೂರನೆಯದು ಹೇಳಿದ ಜಾಗಕ್ಕೇ ಬಾಯಿ ಹಾಕಿತು. ಹಲಗೆ ಅದುರುತ್ತಿತ್ತು. ಪಾನಕದ ಗ್ಲಾಸು ಹಿಡಿದಿದ್ದ ಬೀಗರು ಒಬ್ಬೊಬ್ಬರೇ ಎದ್ದು ಅಟ್ಟದ ಸುತ್ತ ಬಂದು ನಿಂತರು. ನಿದ್ದೆಯ ಮಾತಾಡಿದವನೂ ನಿಂತ. ಕೊನೆಗೆ ಆ ಹಂದರದಲ್ಲಿ ಕೂತು ಉಳಿದವನು ನನ್ನ ಅಜ್ಜ ಒಬ್ಬನೇ. ಅಪ್ಪ ಮುಂದಿನ ಸಾಲಿನ ನಡುವೆ ಕಣ್ಣು ಮುಚ್ಚಿ ಊದುತ್ತಿದ್ದ. ನನಗೆ ಅವನ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದು ಅದಕ್ಕಿಂತ ಮುಂಚೆಯೂ ಇಲ್ಲ, ಆಮೇಲೂ ಇಲ್ಲ. ಮುಂದೆ ಜೀವನದಲ್ಲಿ ಯಾರಾದರೂ ಕೂರು ಎನ್ನದೆ ನನ್ನನ್ನು ನಿಲ್ಲಿಸಿಯೇ ಮಾತಾಡಿಸಿದಾಗ ಅವಮಾನವಾಯಿತು ಎಂದು ನಾನು ಅಂದುಕೊಳ್ಳದೆ ಇದ್ದದ್ದು ಆ ಮಧ್ಯಾಹ್ನದ ದೆಸೆಯಿಂದ.

ಅಜ್ಜ ಹೊಗಳಲಿಲ್ಲ. ಊಟಕ್ಕೆ ಕರೆಯಲು ಬಂದವನು, "ಸುಮ್ಮ ಇಷ್ಟು ಕುರ್ಚಿ ಹೊರಿಸಿದ್ರಿ ನಮ್ಮ ಕಡಿಂದ," ಎಂದು ಗೊಣಗಿದ. ಬ್ಯಾಂಡಿನವರಿಗೆ ಎಲೆ ಹಾಕಿಸಿದ್ದು ಬೀಗರ ಪಂಕ್ತಿಯ ಎದುರಿಗೆ. ಹೋಳಿಗೆಯ ಮೇಲೆ ಎಲ್ಲಪ್ಪನಿಗೆ ತುಪ್ಪ ಸುರಿದವನು ಅಜ್ಜನೇ.

ಸಾಯಂಕಾಲ ಹೊರಡುವಾಗ ಅಪ್ಪ ನಮ್ಮನ್ನು ಬಸ್ ನಿಲ್ದಾಣಕ್ಕೆ ಬಿಡಲು ನೋಡಿದ. ಅವ್ವ ಹೋಗಲಿಲ್ಲ. ಬ್ಯಾಂಡಿನ ಲಾರಿಯ ಹತ್ತಿರ ಬಂದು, ನನ್ನನ್ನು ಮೊದಲು ಎತ್ತಿ ಹಾಕಿ, ಚಕ್ರದ ಮೇಲೆ ಕಾಲಿಟ್ಟು ತಾನೂ ಹತ್ತಿದಳು. ಅಪ್ಪ ಡೋಲಿಗೆ ಒರಗಿ ನಮ್ಮ ಎದುರಿಗೆ ಕೂತ. ಲಾರಿ ಊರು ದಾಟಿತು.

"ತಪ್ಪು ನಂದೇ," ಎಂದ ಅಪ್ಪ. "ಕುರ್ಚಿ ಕೇಳಬಾರದಿತ್ತು. ನಿನ್ನ ತವರಿನಾಗ ನಿನ್ನ ಮಾರಿ ಸಣ್ಣದು ಮಾಡಿದೆ."

"ಅದು ಇರ್ಲಿ," ಎಂದಳು ಅವ್ವ. ಲಾರಿಯ ಸದ್ದಿಗೆ ದನಿ ಏರಿಸಿ ಹೇಳಬೇಕಾಯಿತು. "ಇಷ್ಟು ವರ್ಷ ರೊಟ್ಟಿ ಬಡದು ಉಣಿಸಿ ಕಳಸೀನಿ. ಮನಿಯಿಂದ ಹೊರಗ ಹೋಗಿ ಏನ್ಮಾಡ್ತೀರಿ ಅಂತ ಇವತ್ತ ನೋಡಿದೆ ನಾ."

ನಾನು ಅವಳ ಮುಖ ನೋಡಿದೆ. ಹೌದು, ನಮ್ಮ ಮನೆಯ ಹೆಂಗಸರು ಬೀದಿಗೆ ಹೋಗಿ ಮೆರವಣಿಗೆ ನೋಡುತ್ತಿರಲಿಲ್ಲ. ಮದುವೆಯಾಗಿ ಅಷ್ಟು ವರ್ಷವಾದರೂ ಅವ್ವ, ಜನರ ಮುಂದೆ ಅಪ್ಪ ಬ್ಯಾಂಡು ನಡೆಸುವುದನ್ನು ಒಮ್ಮೆಯೂ ಕಂಡಿರಲಿಲ್ಲ.

"ಹೆಂಗಿತ್ತು?" ಎಂದ ಅಪ್ಪ.

"ಮುಂದಿನ ಲಗ್ನ ಎಲ್ಲಿ ಅದ? ನಾನೂ ಬರ್ತೀನಿ," ಎಂದಳು ಅವ್ವ.

ಅಪ್ಪ ಬೇರೆ ಕಡೆ ಮುಖ ತಿರುಗಿಸಿಕೊಂಡ. "ಐತವಾರ," ಎಂದ. "ಶಹಾಬಾದದಾಗ."